ಕಸ್ತೂರಿಯ ಕಂಪ್ಯೂಟರಿಗೆ ಮೆಮೊರಿ ತಂದ ದಿನ

ಮೂವತ್ತೊಂದು ವರ್ಷ ನಾನು ಬಸ್ ಕಂಡಕ್ಟರಾಗಿದ್ದೆ. ಟಿಕೆಟ್ಟಿಗೆ ಚೌಕಾಶಿ ಇಲ್ಲ. ಹನ್ನೊಂದು ರೂಪಾಯಿ ಎಂದರೆ ಹನ್ನೊಂದೇ, ಕೊಡುವವನೂ ಮಾತಾಡುವಂತಿಲ್ಲ, ಇಸಿದುಕೊಳ್ಳುವವನೂ ಮಾತಾಡುವಂತಿಲ್ಲ. ಒಂದು ನಾಲಗೆಯನ್ನು ಮೂವತ್ತೊಂದು ವರ್ಷ ಹೀಗೆ ಕಟ್ಟಿಹಾಕಿದರೆ ಅದು ಎಲ್ಲಾದರೂ ಸೇಡು ತೀರಿಸಿಕೊಳ್ಳಲೇಬೇಕಲ್ಲ. ನನ್ನ ನಾಲಗೆ ಪೇಟೆಯಲ್ಲಿ ತೀರಿಸಿಕೊಂಡಿತು. ಕೊತ್ತಂಬರಿ ಸಿವುಡಿನಿಂದ ಹಿಡಿದು ಕಬ್ಬಿಣದ ಕಪಾಟಿನವರೆಗೆ ಅಂಗಡಿಯವರು ಹೇಳಿದ ಬೆಲೆಗೆ ನಾನು ಕೊಂಡದ್ದು ಒಂದೂ ಇಲ್ಲ.

ನಮ್ಮೂರಿನಲ್ಲಿ ಚೌಕಾಶಿಗೆ ಮರ್ಯಾದೆಯೂ ಉಂಟು. ಇಲ್ಲಿ ಕೊಂಡು ತಂದ ವಸ್ತು ಮನೆಯ ಹೊಸ್ತಿಲು ದಾಟುವ ಗಳಿಗೆಯಲ್ಲಿ ತನ್ನ ತೂಕ ತಾನೇ ಹಿಡಿಯುತ್ತದೆ. ಆ ಗಳಿಗೆಗೆ ಅದರ ಬೆಲೆ ಎಷ್ಟೋ ಅಷ್ಟನ್ನೇ ಕೊಟ್ಟಿದ್ದರೆ ಇದ್ದಷ್ಟೇ ತೂಕ. ಕಡಿಮೆ ಕೊಟ್ಟಿದ್ದರೆ ಭಾರ. ಹೆಚ್ಚು ಕೊಟ್ಟು ಟೋಪಿ ಹಾಕಿಸಿಕೊಂಡಿದ್ದರೆ ಹಗುರ, ತೀರಾ ದೊಡ್ಡ ಟೋಪಿಯಾದರೆ ವಸ್ತು ಗಾಳಿಗೇ ಏರಿಬಿಡುತ್ತದೆ. ಆಮೇಲೆ ಕೊಂಡವನೂ ಮಾರಿದವನೂ ವ್ಯತ್ಯಾಸ ತೀರಿಸಿಕೊಂಡರೆ ತೂಕ ಸರಿಹೋಗುತ್ತದೆ, ನಿಜ. ಆದರೆ ಲಾಭ ಮಾಡಿಕೊಂಡವನು ತಾನಾಗಿ ಹಿಂದಿರುಗಿ ಹೋದದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ.

ಹಾಗಾಗಿ ನಮ್ಮಲ್ಲಿ ಭಾರವೇ ಪ್ರತಿಷ್ಠೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಮೊದಲು ನೀರಿನ ತಂಬಿಗೆ ಎತ್ತಿ ನೋಡುತ್ತಾರೆ. ಎರಡು ಕೈ ಬೇಕಾದರೆ ಜಾಣರ ಮನೆ ಎಂದು ಅರ್ಥ. ಊರ ಕಚೇರಿಯಲ್ಲಿ ಮಾತ್ರ ಕುರ್ಚಿಗಳೆಲ್ಲ ಸೂರಿಗೆ ಅಂಟಿಕೊಂಡಿರುತ್ತವೆ. ಅರ್ಜಿ ಕೊಡಲು ಹೋದವರು ಒಂದು ಕುರ್ಚಿಯನ್ನು ಹಗ್ಗ ಹಿಡಿದು ಇಳಿಸಿ, ಕೂತು, ಏಳುವಾಗ ಹುಷಾರಾಗಿ ಏಳಬೇಕು. ಟೆಂಡರ್ ಕರೆದು ತಂದ ಕುರ್ಚಿಗಳು, ಏನು ಮಾಡುವುದು.

ಪ್ರತಿ ಓಣಿಗೂ ಒಬ್ಬ ಎತ್ತುವವನಿದ್ದಾನೆ. ನಮ್ಮ ಓಣಿಗೆ ಫಕೀರಪ್ಪ. ಯಾರ ಮನೆಗೆ ಏನು ಬಂದರೂ ಹೊಸ್ತಿಲ ಒಳಗಡೆ ಅದನ್ನು ಎತ್ತಿ ನೋಡಿ, ಓಣಿಗೆಲ್ಲ ಕೇಳುವಂತೆ ತೀರ್ಪು ಹೇಳುವುದು ಅವನ ಕೆಲಸ. ಅದಕ್ಕೆ ಒಂದು ಕಪ್ ಚಹಾ ಕೊಟ್ಟರೆ ಮುಗಿಯಿತು. ನಮ್ಮ ಮನೆಯ ಚಹಾ ಅವನಿಗೆ ಇಷ್ಟ, ಯಾಕೆಂದರೆ ನಮ್ಮಲ್ಲಿ ಅವನ ಬೆನ್ನು ಹಿಡಿಯದ ದಿನವೇ ಇಲ್ಲ. ನನ್ನ ಅರ್ಧ ಬೆಲೆಯ ಛತ್ರಿಯನ್ನು ಬಿಚ್ಚಲು ಇಬ್ಬರು ಬೇಕು. ಕಪಾಟು ನೆಲದೊಳಗೆ ಎರಡು ಬೆರಳು ಇಳಿದಿದೆ. ಕೈಗಡಿಯಾರ ಕಟ್ಟಿಕೊಂಡ ಆರು ತಿಂಗಳಲ್ಲಿ ನನ್ನ ಎಡಭುಜ ಬಲಭುಜಕ್ಕಿಂತ ಕೆಳಗಾಯಿತು, ಬಿಚ್ಚಿಡಬೇಕಾಯಿತು. ಅಡುಗೆಮನೆಯಲ್ಲಿ ಒಂದು ಮಿಕ್ಸರ್ ಇದೆ. ಹನ್ನೊಂದು ವರ್ಷದ ಹಿಂದೆ ನಾನು ಎರಡು ತಾಸು ಜಗಳವಾಡಿ ತಂದದ್ದು. ಅದರ ಜಾರನ್ನು ಇಂದಿಗೂ ಯಾರೂ ಜಾಗ ಬಿಟ್ಟು ಕದಲಿಸಿಲ್ಲ. ಪರಊರಿನವರು ಬಂದರೆ ನಾನು ಅವರನ್ನು ಮಿಕ್ಸರ್ ತೋರಿಸಲು ಒಳಗೆ ಕರೆದೊಯ್ಯುತ್ತಿದ್ದೆ. ಅದರ ಪಕ್ಕದಲ್ಲೇ ಕೂತು ಕಸ್ತೂರಿ ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದಳು.

ಕಸ್ತೂರಿ ನನ್ನ ಹೆಂಡತಿ. ನಾನು ನಿವೃತ್ತನಾದ ಮೇಲೆ ಅವಳು ಕೆಲಸ ಶುರುಮಾಡಿದಳು. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಪಕ್ಕದ ಯಂತ್ರ ಅದನ್ನೇ ಬ್ಲೌಸಿನ ಬೆನ್ನಿನ ಮೇಲೆ ದಾರದಲ್ಲಿ ಹೆಣೆಯುತ್ತದೆ. ಎರಡನ್ನೂ ಅವಳೇ ಹೋಗಿ, ಸರಿಯಾದ ಬೆಲೆ ಕೊಟ್ಟು, ಸರಿಯಾದ ತೂಕಕ್ಕೆ ತಂದಿದ್ದಳು. ಫಕೀರಪ್ಪ ಎತ್ತಿ ನೋಡಿ, ಹೇಳುವುದೇನೂ ಇಲ್ಲ ಎಂದು ಚಹಾ ಕುಡಿಯದೆ ಹೋಗಿದ್ದ. ನನಗೆ ಅವತ್ತು ಅವಮಾನವೇ ಆಗಿತ್ತು.

ಆ ವಾರ ಅವಳಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು. ಬೆಳ್ಳಿ ಅಂಗಡಿಯವರ ಮನೆಯ ಮದುವೆ, ನಲವತ್ತು ಬ್ಲೌಸು, ಒಂದೊಂದರ ಬೆನ್ನಿಗೂ ಗರಿ ಬಿಚ್ಚಿದ ನವಿಲು. ನವಿಲಿನ ಚಿತ್ರ ದೊಡ್ಡದು. ಕಂಪ್ಯೂಟರು ತಲೆ ತೋರಿಸುತ್ತಿತ್ತು, ಕುತ್ತಿಗೆ ತೋರಿಸುತ್ತಿತ್ತು, ಗರಿ ಶುರುವಾಗುವ ಹೊತ್ತಿಗೆ ನಿಂತುಬಿಡುತ್ತಿತ್ತು. ಸೋಮವಾರ ಸಂಜೆಯವರೆಗೆ ಅವಳು ಹೀಗೆ ಹನ್ನೆರಡು ಸಲ ಕುತ್ತಿಗೆಯವರೆಗೆ ಹೋಗಿ ಬಂದಳು. ಗುರುವಾರದೊಳಗೆ ಕೊಡದಿದ್ದರೆ ಪಕ್ಕದೂರಿನವರಿಗೆ ಕೊಟ್ಟುಬಿಡುತ್ತೇವೆ ಎಂದು ಮದುಮಗಳ ತಾಯಿ ಹೇಳಿಕಳಿಸಿದ್ದರು. ಮೆಮೊರಿ ಸಾಲದು, ಇನ್ನೊಂದು ಪಟ್ಟಿ ಹಾಕಬೇಕು ಎಂದು ಕಸ್ತೂರಿ ಕಂಡುಕೊಂಡಳು. ಪೇಟೆಗೆ ತಾನೇ ಹೋಗೋಣವೆಂದರೆ, ಅಷ್ಟರಲ್ಲಿ ರಾಶಿ ಬಿದ್ದ ಬೇರೆ ಬ್ಲೌಸುಗಳ ಅಂಚು ಮುಗಿಸಬೇಕಿತ್ತು. ಬೇರೆ ದಾರಿಯಿಲ್ಲದೆ ನನ್ನ ಕಡೆ ನೋಡಿದಳು.

ಮಂಗಳವಾರ ಬೆಳಿಗ್ಗೆ ಒಂದು ಚೀಟಿ ಬರೆದುಕೊಟ್ಟಳು. ಹದಿನಾರು ಜಿಬಿ, ಡಿಡಿಆರ್ ಫೋರ್, ಇಷ್ಟು ವೇಗ. ಪಟ್ಟಿಯ ಹಲ್ಲಿನ ನಡುವಿನ ಕಚ್ಚು ಎಲ್ಲಿರಬೇಕು ಎಂದು ಒಂದು ಚಿತ್ರವನ್ನೂ ಬರೆದಿದ್ದಳು. ದಾವಲಸಾಬನ ಅಂಗಡಿಗೆ ಫೋನ್ ಮಾಡಿ ಬೆಲೆ ಕೇಳಿದ್ದೇನೆ, ಆರು ಸಾವಿರದ ನಾನೂರು ಎಂದು ಅಷ್ಟೇ ದುಡ್ಡು ಎಣಿಸಿ ಕೊಟ್ಟಳು.

"ಕೇಳ್ರಿ ಇಲ್ಲೆ," ಎಂದಳು. "ಇದು ಭಾರ ಆದ್ರ ಹಾಕೂ ಜಾಗಾನ ಮುರೀತೈತಿ. ಹಗುರಾದ್ರ ಕಳಚಿ ಮ್ಯಾಲ ಬರತೈತಿ. ಜಲ್ಮದಾಗ ಒಂದ್ ಸಲ ಚೌಕಾಶಿ ಮಾಡಬ್ಯಾಡ್ರಿ."

ನಾನು ದೇವರಾಣೆ ಹಾಕಲು ಬಾಯಿ ತೆರೆದೆ. ಅವಳು ಅದನ್ನೇ ಕಾಯುತ್ತಿದ್ದಳೇನೋ, ಒಂದು ಇಡೀ ಅಡಿಕೆಯನ್ನು ನನ್ನ ದವಡೆಗೆ ತುರುಕಿದಳು. ಒಡೆಯದ ಗೋಟಡಿಕೆ. ಹಲ್ಲು ತಾಗಿಸಬಾರದು, ಉಗುಳಬಾರದು, ಬಾಯಿ ಬಿಡಬಾರದು, ಮನೆಗೆ ಬಂದು ಇದನ್ನು ಇದ್ದ ಹಾಗೇ ನನ್ನ ಕೈಯಲ್ಲಿಡಬೇಕು ಎಂದಳು. ನಾನು ತಲೆಯಾಡಿಸಿದೆ. ಬೇರೇನು ಮಾಡಲು ಬರುತ್ತಿತ್ತು.

ದಾವಲಸಾಬ ಒಳ್ಳೆಯ ಮನುಷ್ಯ. ಅವನ ಅಂಗಡಿಯಲ್ಲಿ ರೇಡಿಯೋ ಇದ್ದ ಕಾಲದಿಂದ ನನಗೆ ಗೊತ್ತು. ಆದರೆ ನಾನು ಮೆಟ್ಟಿಲು ಹತ್ತಿದ್ದನ್ನು ಕಂಡರೆ ಅವನು ಒಂದು ಲೋಟ ನೀರು ಕುಡಿದು ಕುರ್ಚಿಯಲ್ಲಿ ಸರಿಯಾಗಿ ಕೂಡುತ್ತಾನೆ. ಅವತ್ತೂ ಕುಡಿದು ಕೂತ. ಚೀಟಿ ನೋಡಿದ, ಪಟ್ಟಿಯನ್ನು ಗಾಜಿನ ಮೇಲಿಟ್ಟ. ಒಂದು ಗೇಣು ಇಲ್ಲದ ಹಸಿರು ಹಲಗೆ, ಮೈತುಂಬ ಕಪ್ಪು ಬಿಲ್ಲೆ. ಬದನೆಕಾಯಿಯಾದರೆ ತೊಟ್ಟು ನೋಡಬಹುದು, ಎತ್ತಾದರೆ ಹಲ್ಲು ಎಣಿಸಬಹುದು. ಇದಕ್ಕೂ ಹಲ್ಲಿದ್ದವು, ಬಂಗಾರದ ಬಣ್ಣದವು, ಆದರೆ ಎಣಿಸಿದರೆ ವಯಸ್ಸು ಗೊತ್ತಾಗುವಂಥವಲ್ಲ. ಬೆಲೆಯೂ ಒಂದು ಕಡೆ ನಿಲ್ಲುವುದಿಲ್ಲವಂತೆ. ಬೆಳಿಗ್ಗೆಯದು ಸಂಜೆಗಿಲ್ಲ, ಎಲ್ಲೋ ದೂರದೇಶದ ದೊಡ್ಡ ಯಂತ್ರಗಳು ಮೆಮೊರಿಯನ್ನೆಲ್ಲ ನುಂಗುತ್ತಿವೆ, ಮೂರು ತಿಂಗಳಲ್ಲಿ ಇಮ್ಮಡಿಯಾಗಿದೆ ಎಂದು ದಾವಲಸಾಬ ತನ್ನ ಫೋನ್ ತೋರಿಸಿದ.

ಪಕ್ಕದಲ್ಲಿ ಇನ್ನೊಂದು ಡಬ್ಬಿ ಇತ್ತು. ಎರಡು ಪಟ್ಟಿಯ ಜೋಡಿ, ಮೇಲೊಂದು ದೊಡ್ಡ ಬೆಲೆ ಕೆಂಪು ಗೆರೆ ಹೊಡೆದು ಕೆಳಗೆ ಅದರ ಅರ್ಧ ಬೆಲೆ, ಜೊತೆಗೊಂದು ಮೌಸು ಪುಕ್ಕಟೆ. ನನ್ನ ಕೈ ತಾನಾಗಿಯೇ ಆ ಕಡೆ ಹೋಯಿತು. ಆಮೇಲೆ ಕಸ್ತೂರಿಯ ಚಿತ್ರ ಹಿಡಿದು ನೋಡಿದೆ, ಕಚ್ಚು ಬೇರೆ ಕಡೆ ಇತ್ತು. ಅವಳ ಕಂಪ್ಯೂಟರಿನಲ್ಲಿ ಅದು ಕೂಡುವುದೇ ಇಲ್ಲ. ಕೂಡದ ವಸ್ತುವಿಗೆ ಅರ್ಧ ಬೆಲೆಯೂ ದಂಡ. ನನಗೇ ಆಶ್ಚರ್ಯವಾಗುವಂತೆ ನಾನು ಡಬ್ಬಿಯನ್ನು ಹಿಂದಕ್ಕೆ ತಳ್ಳಿದೆ. ದಾವಲಸಾಬನಿಗೂ ಆಶ್ಚರ್ಯವಾಯಿತು.

ಅವನು ಒಂಟಿ ಪಟ್ಟಿಯನ್ನು ಮುಂದೆ ಸರಿಸಿ, ಆರು ಸಾವಿರದ ನಾನೂರು ಎಂದ. ನಾನು ಸುಮ್ಮನೆ ನಿಂತೆ. ದುಡ್ಡು ತೆಗೆಯಲು ಜೇಬಿಗೆ ಕೈಹಾಕಿದ್ದೆ, ಆದರೆ ಕೈ ಅಲ್ಲೇ ತಡವರಿಸಿತು. ಮೂವತ್ತೊಂದು ವರ್ಷದ ಅಭ್ಯಾಸವಲ್ಲವೇ ಅದು, ಹೇಳಿದ ಬೆಲೆಗೆ ಜೇಬು ಬಿಚ್ಚಿಕೊಳ್ಳಲಿಲ್ಲ. ದಾವಲಸಾಬ ನನ್ನ ಮುಖ ನೋಡಿದ. ಮಾತಾಡುವ ಗುರುಪಾದಪ್ಪನನ್ನು, ಅಂದರೆ ನನ್ನನ್ನು, ಅವನು ಎಷ್ಟೋ ಸಲ ಎದುರಿಸಿದ್ದ, ಮಾತಾಡದ ಗುರುಪಾದಪ್ಪ ಅವನಿಗೆ ಹೊಸಬ. ಆರು ಸಾವಿರ ಎಂದ. ಇಳಿಸಬೇಡ ಎನ್ನಲು ನಾನು ಅಡ್ಡಡ್ಡ ತಲೆಯಾಡಿಸಿದೆ. ಅವನು ಐದೂವರೆ ಎಂದ. ನಾನು ಇನ್ನೂ ಜೋರಾಗಿ ತಲೆಯಾಡಿಸಿದೆ, ಕೈಯನ್ನೂ ಆಡಿಸಿದೆ. ಅವನು ಹಣೆಯ ಬೆವರು ಒರೆಸಿಕೊಂಡು ನಾಲ್ಕು ಎಂದ. ನಾಲಗೆಯಿಂದ ಇಡೀ ಜೀವಮಾನ ದುಡಿದರೂ ಇಳಿಯದಷ್ಟು ಬೆಲೆ ಒಂದು ಅಡಿಕೆಯಿಂದ ಇಳಿಯುತ್ತಿತ್ತು.

ಇಲ್ಲಿ ನಾನು ಸುಳ್ಳು ಹೇಳಬಾರದು. ಅಡಿಕೆಯನ್ನು ಕೈಗೆ ತೆಗೆದು, ಸಾಕು ಮಾರಾಯ, ಪೂರ್ತಿ ತಗೋ ಎನ್ನಬಹುದಿತ್ತು. ಎನ್ನಲಿಲ್ಲ. ನಾಲ್ಕಕ್ಕೂ ತಲೆಯಾಡಿಸಿದೆ, ಮೂರಕ್ಕೂ ಆಡಿಸಿದೆ, ಆಗ ಆಡಿಸಿದ್ದು ಬೇಕೆಂದೇ ಆಡಿಸಿದ್ದು. ಎರಡು ಸಾವಿರದ ನಾನೂರಕ್ಕೆ ಬಂದು ದಾವಲಸಾಬ ನಿಂತ. ಅಲ್ಲಿಂದ ಒಂದು ರೂಪಾಯಿ ಕದಲಲಿಲ್ಲ, ನಾನು ಎಷ್ಟು ತಲೆಯಾಡಿಸಿದರೂ ಸೂರು ನೋಡುತ್ತ ಕೂತ. ನಾನು ಎರಡು ಸಾವಿರದ ನಾನೂರು ಎಣಿಸಿ ಕೊಟ್ಟು, ಪಟ್ಟಿಯನ್ನು ಜೇಬಿಗಿಳಿಸಿ, ಎದೆಯುಬ್ಬಿಸಿ ಹೊರಟೆ. ಊರಿನ ಇತಿಹಾಸದಲ್ಲೇ ಇಂಥ ವ್ಯಾಪಾರ ಆಗಿರಲಿಲ್ಲ.

ದಾರಿಯುದ್ದಕ್ಕೂ ಮುಂದೆ ಆಗುವುದನ್ನು ಕಣ್ಣಾರೆ ಕಾಣುತ್ತ ನಡೆದೆ. ಹೊಸ್ತಿಲು ದಾಟುತ್ತಲೇ ಜೇಬು ಹರಿದು ಪಟ್ಟಿ ನೆಲಕ್ಕೆ ಬೀಳುತ್ತದೆ. ಫಕೀರಪ್ಪ ಪಂಚೆ ಬಿಗಿದು ಕೈಹಾಕುತ್ತಾನೆ, ಆಗುವುದಿಲ್ಲ. ಓಣಿಯವರೆಲ್ಲ ಕೂಡುತ್ತಾರೆ. ಒಂದು ಗೇಣು ಹಲಗೆಯನ್ನು ನಾಲ್ಕು ಜನ ಎತ್ತಲಾಗದೆ ನಿಲ್ಲುತ್ತಾರೆ. ಮಿಕ್ಸರನ್ನು ನೋಡಲು ಬರುತ್ತಿದ್ದವರು ಇನ್ನು ಇದನ್ನು ನೋಡಲು ಬರುತ್ತಾರೆ. ಇಷ್ಟು ಕಂಡು, ಹಾಗೇ ಆ ಗುಂಪಿನ ಹಿಂದೆ ಕಸ್ತೂರಿ ಎಲ್ಲಿ ನಿಂತಿರುತ್ತಾಳೆ ಎಂದು ಹುಡುಕಿದೆ. ಮಿಕ್ಸರ್ ತಂದ ದಿನ ಅವಳು ಎಲ್ಲಿದ್ದಳೋ ಅಲ್ಲೇ ಇದ್ದಳು, ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು. ಅವತ್ತು ಎಲ್ಲರೂ ಹೋದ ಮೇಲೆ ರುಬ್ಬುಗಲ್ಲು ತೊಳೆದಿದ್ದಳು.

ಹನ್ನೊಂದು ವರ್ಷ. ದಿನಾ ಅವಳ ಕೈ ಕಲ್ಲಿನ ಮೇಲೆ ಆಡಿದ್ದನ್ನು ನಾನು ನೋಡಿದ್ದೆ, ಆದರೆ ನನಗೆ ಕಂಡದ್ದು ಪಕ್ಕದ ಮಿಕ್ಸರ್ ಮಾತ್ರ. ನನಗೆ ನಾಚಿಕೆಯಾಯಿತು. ನಡುರಸ್ತೆಯಲ್ಲಿ, ಬಾಯಿಯಲ್ಲೊಂದು ಅಡಿಕೆ ಇಟ್ಟುಕೊಂಡು, ಅರವತ್ತೆರಡನೇ ವಯಸ್ಸಿನಲ್ಲಿ ನಾನು ನಾಚಿ ನಿಂತೆ. ಎದುರಿಗೆ ಬಂದ ಸೈಕಲ್ಲಿನವನು ಗಂಟೆ ಬಾರಿಸಿ ಬಾರಿಸಿ ಸಾಕಾಗಿ ಸುತ್ತಿಕೊಂಡು ಹೋದ.

ತಿರುಗಿ ಅಂಗಡಿಗೆ ಹೋದೆ. ಜೇಬಿನಲ್ಲಿ ಉಳಿದಿದ್ದ ನಾಲ್ಕು ಸಾವಿರವನ್ನೂ ತೆಗೆದು ಗಾಜಿನ ಮೇಲಿಟ್ಟೆ. ದಾವಲಸಾಬನ ಮುಖ ಹೇಗಾಯಿತು ಎಂದು ಹೇಳಲಾರೆ, ನೋಡಲಿಲ್ಲ. ನೋಡುತ್ತ ನಿಂತರೆ ದುಡ್ಡನ್ನು ಮತ್ತೆ ಎತ್ತಿಕೊಂಡೇನೆಂಬ ಭಯ ನನಗೆ. ಅದೂ ಅಲ್ಲದೆ ಬೆಲೆ ಏರುವ ಮೊದಲು ಹೊಸ್ತಿಲು ದಾಟಬೇಕಿತ್ತು. ಮೆಟ್ಟಿಲಿಳಿದು ಓಡಿದೆ. ಹಿಂದಿನಿಂದ ಅವನು ಕೂಗಿದ್ದು ಕೇಳಿಸಿತು, ಗುರುಪಾದಪ್ಪನವರ, ನಿಲ್ಲರಿ, ಒಂದ್ ಮಾತೈತಿ ಎಂದು. ಬೆಲೆ ಏರಿತು, ಇನ್ನಷ್ಟು ಕೇಳುತ್ತಾನೆ ಎಂದುಕೊಂಡು ನಾನು ಇನ್ನೂ ಜೋರಾಗಿ ಓಡಿದೆ.

ನಾನು ಪೇಟೆಗೆ ಹೋಗಿದ್ದೇನೆ ಎಂಬ ಸುದ್ದಿ ಓಣಿಯಲ್ಲಿ ಆಗಲೇ ಹರಡಿತ್ತು. ಕಟ್ಟೆಯ ಮೇಲೆ ಹತ್ತು ಹದಿನೈದು ಜನ ಕೂತಿದ್ದರು. ಫಕೀರಪ್ಪ ಸೊಂಟಕ್ಕೆ ಟವೆಲ್ ಬಿಗಿದು ಸಿದ್ಧನಾಗಿದ್ದ. ಕಸ್ತೂರಿ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡಿದ್ದಳು. ನಾನು ಯಾರನ್ನೂ ನೋಡದೆ, ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು, ಬಲಗಾಲಿಟ್ಟು ಹೊಸ್ತಿಲು ದಾಟಿದೆ. ಬದುಕಿನಲ್ಲಿ ಮೊದಲ ಸಲ ಇದ್ದಷ್ಟೇ ತೂಕದ ವಸ್ತುವನ್ನು ಮನೆಗೆ ತಂದೆ ಎಂದು ಎದೆ ತಂಪಾಗಿತ್ತು.

ಅಂಗೈ ಖಾಲಿಯಾಯಿತು. ಪಟ್ಟಿ ನನ್ನ ಮೂಗಿನ ಮುಂದಿನಿಂದ ನಿಧಾನವಾಗಿ ಮೇಲಕ್ಕೆ ಹೋಯಿತು, ತೊಲೆಗೆ ಟಿಕ್ಕೆಂದು ಬಡಿಯಿತು, ಅಲ್ಲೇ ನಿಂತಿತು.

ಫಕೀರಪ್ಪ ಕತ್ತೆತ್ತಿ ನೋಡಿದ, ನನ್ನ ಕಡೆ ನೋಡಿದ, ಮತ್ತೆ ಮೇಲೆ ನೋಡಿದ. ಎತ್ತಲು ಏನೂ ಇರಲಿಲ್ಲ. ಆದರೂ ಕೆಲಸ ಕೆಲಸವೇ.

"ಹಗುರ," ಎಂದು ಕೂಗಿದ. "ಗುರುಪಾದಪ್ಪನವರ ಮನ್ಯಾಗ, ಹಗುರ."

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಸರಿಯಾದ ಬೆಲೆ ಕೊಟ್ಟೂ ಹಗುರಾಯಿತೆಂದರೆ, ನಾನು ಓಡಿ ಬರುವಷ್ಟರಲ್ಲಿ ಬೆಲೆ ಕುಸಿದಿರಬೇಕು, ಇಲ್ಲವೇ ಪಟ್ಟಿಯೇ ಕೆಟ್ಟದ್ದಿರಬೇಕು. ಹೇಗಿದ್ದರೂ ನಲವತ್ತು ನವಿಲುಗಳು ಕುತ್ತಿಗೆಗೇ ನಿಂತವು. ಕಸ್ತೂರಿ ನನ್ನ ಹತ್ತಿರ ಬಂದು ಕೈ ಚಾಚಿದಳು. ನಾನು ಅಡಿಕೆಯನ್ನು ಬಾಯಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಹಲ್ಲಿನ ಗುರುತೂ ಇರಲಿಲ್ಲ.

"ಎಷ್ಟ್ ಕೊಟ್ರಿ?" ಎಂದು ಕೇಳಿದಳು.

"ಪೂರ್ತಿ ಕೊಟ್ಟೆ," ಎಂದೆ. "ಮೊದಲ ಕಡಿಮಿ ಮಾಡಿಸಿದ್ದೆ. ಆಮ್ಯಾಲ ತಿರುಗಿ ಹೋಗಿ ಉಳಿದಿದ್ದ ನಾಲ್ಕ್ ಸಾವಿರಾನೂ ಕೊಟ್ಟ್ ಬಂದೆ."

ಅವಳು ಹೊಸ್ತಿಲ ಮೇಲೇ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂರಬಾರದೆಂದು ಓಣಿಯ ಹೆಂಗಸರಿಗೆಲ್ಲ ಹೇಳುವವಳೇ ಅವಳು. ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ ನಗತೊಡಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದೆಲ್ಲ ನಗೆಯ ನೀರಲ್ಲ ಎಂದು ನನಗೆ ತಿಳಿಯಿತು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ತಿಳಿಯುತ್ತದೆ.

ಅಷ್ಟರಲ್ಲಿ ದಾವಲಸಾಬ ಏದುಸಿರು ಬಿಡುತ್ತ ಬಂದ. ಒಂದು ಕೈಯಲ್ಲಿ ನನ್ನ ನೋಟುಗಳು, ಇನ್ನೊಂದು ಕೈಯಲ್ಲಿ ಓಡುವಾಗ ಹರಿದ ಚಪ್ಪಲಿ. ಕಟ್ಟೆಗೆ ಒರಗಿ ಉಸಿರು ಹಿಡಿದು ಹೇಳಿದ್ದು ಇಷ್ಟು. ನಿನ್ನೆ ಸಂಜೆಯೇ ಕಸ್ತೂರಕ್ಕ ಅಂಗಡಿಗೆ ಬಂದಿದ್ದರು, ಆದರೆ ಪಟ್ಟಿ ಬರುವುದು ಇವತ್ತು ಬೆಳಿಗ್ಗೆಯಿತ್ತು. ನಮ್ಮ ಯಜಮಾನರು ನಾಳೆ ಬರುತ್ತಾರೆ, ಬಾಯಿ ಕಟ್ಟಿ ಕಳಿಸಿದರೂ ಹೇಗಾದರೂ ಬೆಲೆ ಇಳಿಸದೆ ಬಿಡುವವರಲ್ಲ ಎಂದು ಹೇಳಿ, ನಾಲ್ಕು ಸಾವಿರ ಮೊದಲೇ ಕೊಟ್ಟು ಹೋಗಿದ್ದರು. ಅವರು ಎಷ್ಟು ಬೇಕಾದರೂ ಜಗ್ಗಲಿ, ಎರಡು ಸಾವಿರದ ನಾನೂರರ ಕೆಳಗೆ ಮಾತ್ರ ಇಳಿಯಬೇಡ, ನಾನು ಬಂದಿದ್ದೆನೆಂದು ಉಸಿರೆತ್ತಬೇಡ ಎಂದು ಆಣೆ ಹಾಕಿಸಿದ್ದರು.

ನಾನು ಅವನ ಮುಖ ನೋಡಿದೆ. ನನ್ನ ಮೌನಕ್ಕೆ ಬೆವೆತವನು, ಊರಿನ ಇತಿಹಾಸದಲ್ಲೇ ಇಲ್ಲದ ವ್ಯಾಪಾರಕ್ಕೆ ಸೋತವನು. ಬೆವರಾದರೂ ನಿಜವೇ ಎಂದು ಕೇಳಿದೆ. ಆ ದಿನ ಅಂಗಡಿಯಲ್ಲಿ ಫ್ಯಾನ್ ಕೆಟ್ಟಿತ್ತಂತೆ.

ದಾವಲಸಾಬ ನೋಟುಗಳನ್ನು ನನಗೆ ಕೊಡಲು ಬಂದ. ನಾನು ಕಸ್ತೂರಿಯ ಕಡೆ ತೋರಿಸಿದೆ. ಅವನು ಒಂದೊಂದೇ ನೋಟನ್ನು ಅವಳ ಕೈಗೆ ಇಡುತ್ತ ಹೋದ, ಪಟ್ಟಿ ತೊಲೆಯಿಂದ ಒಂದೊಂದು ಗೇಣು ಇಳಿಯುತ್ತ ಬಂತು. ಓಣಿಯವರೆಲ್ಲ ಕತ್ತನ್ನು ಅದರ ಜೊತೆಗೇ ಇಳಿಸಿದರು. ಅದು ಅವಳ ಎದೆಯ ಮಟ್ಟಕ್ಕೆ ಬಂದು ಇನ್ನೇನು ಅಂಗೈಗೆ ಕೂರಬೇಕು, ಅವಳು ಒಂದು ಹತ್ತು ರೂಪಾಯಿಯನ್ನು ದಾವಲಸಾಬನಿಗೆ ತಿರುಗಿ ಕೊಟ್ಟಳು.

"ಇದು ನಿಮ್ಮಲ್ಲೇ ಇರ್ಲಿ ಅಣ್ಣಾರ," ಎಂದಳು. "ಈ ಮನ್ಯಾಗ ಒಂದಾದ್ರೂ ಹಗುರ ಇರ್ಲಿ."

ಹತ್ತು ರೂಪಾಯಿಯ ಹಗುರವನ್ನು ಹಾಕುವ ಜಾಗದ ಎರಡು ಕಡೆಯ ಹಿಡಿಕೆಗಳು ತಡೆದುಕೊಂಡವು, ಪಟ್ಟಿ ಕಂಪ್ಯೂಟರಿನಲ್ಲಿ ಸರಿಯಾಗಿ ಕೂತಿತು. ನವಿಲು ತಲೆ ತೋರಿಸಿತು, ಕುತ್ತಿಗೆ ತೋರಿಸಿತು, ಆಮೇಲೆ ಒಮ್ಮೆಗೇ ಗರಿ ಬಿಚ್ಚಿತು. ಫಕೀರಪ್ಪನೂ ದಾವಲಸಾಬನೂ ಚಹಾ ಕುಡಿದು ಹೋದರು. ಗುರುವಾರ ಮಧ್ಯಾಹ್ನ ನಲವತ್ತು ಬ್ಲೌಸುಗಳ ಗಂಟನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ.

ಬರುವ ದಾರಿಯಲ್ಲಿ ಮಿಕ್ಸರ್ ಮಾರಿದ ಅಂಗಡಿಗೆ ಹೋದೆ. ಹನ್ನೊಂದು ವರ್ಷದ ಹಿಂದಿನ ವ್ಯತ್ಯಾಸ ಕೊಡಲು ಬಂದಿದ್ದೇನೆ ಎಂದಾಗ ಅಂಗಡಿಯವನು ಹೆದರಿ ಅರ್ಧ ಶಟರ್ ಎಳೆದುಕೊಂಡ. ಅವನನ್ನು ಒಪ್ಪಿಸಲು ಎರಡು ತಾಸು ಹಿಡಿಯಿತು. ಅವತ್ತು ಇಳಿಸಲು ಎಷ್ಟು ಹಿಡಿದಿತ್ತೋ ಏರಿಸಲೂ ಅಷ್ಟೇ ಹಿಡಿಯಿತು. ಮನೆಗೆ ಬಂದಾಗ ಒಳಗೆ ಗರ್ರೆಂದು ಸದ್ದು. ಕಸ್ತೂರಿ ಒಂದೇ ಕೈಯಲ್ಲಿ ಜಾರ್ ಎತ್ತಿ ಚಟ್ನಿಯನ್ನು ಬಟ್ಟಲಿಗೆ ಸುರಿಯುತ್ತಿದ್ದಳು. ನನ್ನನ್ನು ನೋಡಿದಳು, ಒಂದು ಬೆರಳು ಚಟ್ನಿ ನನ್ನ ನಾಲಗೆಗೆ ಸವರಿದಳು.

ಛತ್ರಿ, ಕಪಾಟು, ಗಡಿಯಾರ ಇನ್ನೂ ಹಾಗೇ ಇವೆ. ಒಂದೇ ಸಲ ಒಬ್ಬ ಮನುಷ್ಯ ಎಷ್ಟು ಸುಧಾರಿಸಲು ಸಾಧ್ಯ. ಆ ಅಡಿಕೆಯನ್ನು ಕಸ್ತೂರಿ ಒಂದು ಪುಟ್ಟ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ನಾನು ಚೀಲ ಹಿಡಿದು ಪೇಟೆಗೆ ಹೊರಟರೆ ಸಾಕು, ಡಬ್ಬಿ ತೆರೆದುಕೊಂಡು ಹೊಸ್ತಿಲ ಹತ್ತಿರ ಬಂದು ನಿಲ್ಲುತ್ತಾಳೆ. ನಾನು ಸುಮ್ಮನೆ ಬಾಯಿ ತೆರೆಯುತ್ತೇನೆ.